ಮಾವನ ಕಾರಿಗೆ ನೂರಾ ಹನ್ನೆರಡು ಗಂಟೆ

ನಮ್ಮ ಗ್ಯಾರೇಜಿನಲ್ಲಿ ಕಾರು ರಿಪೇರಿ ಮಾಡುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಪಂಕ್ಚರ್ ಹಾಕಿಸಲು ಬಂದವರೊಬ್ಬರ ಮೇಲೆ ನಮ್ಮ ಮಾಲೀಕರು ಹರಿಹಾಯ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಾವು ಕಾರು ಕಟ್ಟುವವರು. ಹಳೆಯ ಕಾರು ತಂದು ನಿಲ್ಲಿಸಿ, ಮನಸ್ಸಿನಲ್ಲಿರುವುದನ್ನು ಹೇಳಿದರೆ ಆಯಿತು. ನಾಯಿ ಸಾಕಿದವರೊಬ್ಬರಿಗೆ ನಾಯಿಯ ತಲೆಯ ಎತ್ತರಕ್ಕೆ ಬೇರೆಯೇ ಒಂದು ಕಿಟಕಿ ಇಟ್ಟುಕೊಟ್ಟಿದ್ದೇವೆ. ಹೆಂಡತಿಯ ಮಾತು ಕೇಳಿಸಬಾರದೆಂದು ಬಂದವರೊಬ್ಬರಿಗೆ ಮುಂದಿನ ಸೀಟಿಗೂ ಹಿಂದಿನ ಸೀಟಿಗೂ ನಡುವೆ ಗಾಜಿನ ಗೋಡೆ ಕಟ್ಟಿಕೊಟ್ಟಿದ್ದೇವೆ. ಆಮೇಲೆ ಹೆಂಡತಿಯೇ ಬಂದು ಆ ಗೋಡೆಗೊಂದು ಕಿಂಡಿ ಮಾಡಿಸಿಕೊಂಡು ಹೋದರು. ಎರಡೂ ನಮ್ಮದೇ ಕೆಲಸ.

ಅಲ್ಲಿ ನಾನು ಸೀಟು ಹೊಲಿಯುವವನು. ಕುಷನ್ ಕೆಲಸ. ನನ್ನ ಪಕ್ಕದಲ್ಲಿ ತಗಡು ತಟ್ಟುವ ಟಿಂಕರ್, ಅವನಾಚೆ ಪೇಂಟರ್, ಮೂಲೆಯಲ್ಲಿ ತಂತಿಗಳ ರಾಶಿಯ ನಡುವೆ ವೈರಿಂಗಿನವನು. ನಾವು ನಾಲ್ವರೂ ನೆಲದ ಮೇಲೆ ಕೂತೋ ಮಲಗಿಯೋ ಕೆಲಸ ಮಾಡುವವರು. ಐದನೆಯವನೊಬ್ಬ ಮಾತ್ರ ಗಾಜಿನ ಕೋಣೆಯಲ್ಲಿ, ತಿರುಗುವ ಕುರ್ಚಿಯಲ್ಲಿ ಕೂರುತ್ತಿದ್ದ. ಅವನಿಗೆ ನಾವಿಟ್ಟ ಹೆಸರು ಅಂದಾಜಪ್ಪ.

ಕಾರು ಕಟ್ಟುವುದರಲ್ಲಿ ನಿಜವಾದ ಕಷ್ಟ ಕಟ್ಟುವುದಲ್ಲ. ಎಷ್ಟು ಗಂಟೆಯ ಕೆಲಸ ಹಿಡಿಯುತ್ತದೆಂದು ಮುಟ್ಟುವ ಮೊದಲೇ ಗಿರಾಕಿಗೆ ಹೇಳುವುದು. ಒಬ್ಬ ಒಂದು ಗಂಟೆ ಮಾಡಿದರೆ ಒಂದು, ಇಬ್ಬರು ಮಾಡಿದರೆ ಎರಡು, ಹೀಗೆ. ಅದು ಅಂದಾಜಪ್ಪನ ಕೆಲಸ. ಅವನು ಅದನ್ನು ಮಾಡುವ ಚಂದ ನೋಡಲು ಎದುರಿನ ಟೀ ಅಂಗಡಿಯವನು ಕುದಿಯುವ ಹಾಲನ್ನೂ ಬಿಟ್ಟು ಬರುತ್ತಿದ್ದ. ಅಂದಾಜಪ್ಪ ಕಾರಿನ ಸುತ್ತ ನಿಧಾನವಾಗಿ ಬರುತ್ತಾನೆ. ಕಲ್ಲಂಗಡಿ ಕೊಳ್ಳುವವರ ಹಾಗೆ ಬಾನೆಟ್ಟಿನ ಮೇಲೆ ಬೆರಳಿನ ಗೆಣ್ಣಿನಿಂದ ತಟ್ಟಿ ಕಿವಿಗೊಡುತ್ತಾನೆ. ಕಣ್ಣು ಮುಚ್ಚುತ್ತಾನೆ. ತುಟಿ ಅಲ್ಲಾಡುತ್ತದೆ. ಗಿರಾಕಿಯ ತುಟಿಯೂ ಜೊತೆಗೆ ಅಲ್ಲಾಡುತ್ತದೆ. ಆಮೇಲೆ ಕಣ್ಣು ತೆರೆದು ಒಂದು ಸಂಖ್ಯೆ ಹೇಳುತ್ತಾನೆ. ಅದು ಎಂದೂ ದುಂಡನೆಯ ಸಂಖ್ಯೆಯಲ್ಲ.

"ನೂರು ಅಂದ್ರೆ ಯಾರೂ ನಂಬಲ್ಲ ಕಣಯ್ಯ," ಎಂದು ನನಗೊಮ್ಮೆ ಗುಟ್ಟು ಹೇಳಿದ್ದ. "ತೊಂಬತ್ತೇಳು ಅನ್ನು. ಕೈ ಮುಗೀತಾರೆ."

ಕಣ್ಣು ಮುಚ್ಚಿದಾಗ ಒಳಗೇನು ನಡೆಯುತ್ತಿತ್ತು ಎಂಬುದು ನಮಗೆ ಗೊತ್ತಿತ್ತು. ಹಿಂದಿನ ದಿನವೇ ನಮ್ಮನ್ನು ಕೇಳಿಕೊಂಡು ಹೋಗಿರುತ್ತಿದ್ದ. ಟಿಂಕರ್ ತನಗೆ ಬೇಕಾದದ್ದರ ಮೇಲೆ ಒಂದಷ್ಟು ಸೇರಿಸಿ ಹೇಳುತ್ತಿದ್ದ, ನಡುವೆ ಬೆನ್ನು ಹಿಡಿದುಕೊಂಡರೆ ಎಂದು. ಪೇಂಟರ್ ಮೋಡ ಕವಿದರೆ ಎಂದು ಸೇರಿಸುತ್ತಿದ್ದ. ವೈರಿಂಗಿನವನು ಯಾವ ಕಾರಣವನ್ನೂ ಕೊಡದೆ ಇಮ್ಮಡಿ ಹೇಳುತ್ತಿದ್ದ. ನನಗೂ ದಾರ ತುಂಡಾಗುವುದಿಲ್ಲವೇ? ಇದಕ್ಕೆ ನಮ್ಮಲ್ಲಿ ಗಾಳಿ ಹಾಕುವುದು ಎನ್ನುತ್ತೇವೆ. ನಮ್ಮ ಗಾಳಿಯ ಮೇಲೆ ಅಂದಾಜಪ್ಪನ ಗಾಳಿ, ಅದರ ಮೇಲೆ ಮಾಲೀಕರ ಗಾಳಿ. ಯಾರ ಗಾಳಿಯೂ ಯಾರಿಗೂ ಗೊತ್ತಿಲ್ಲದ ಹಾಗೆ ಇರುವುದು ಗ್ಯಾರೇಜಿನ ಮರ್ಯಾದೆ. ಕಾರು ಬೇಗ ಮುಗಿದರೆ ಹಿಂದುಗಡೆ ನಿಲ್ಲಿಸಿ, ಹೊದಿಕೆ ಹೊದಿಸಿ, ಹೇಳಿದ ಹೊತ್ತಿಗೆ ಸರಿಯಾಗಿ ಹೊದಿಕೆ ತೆಗೆಯುತ್ತಿದ್ದೆವು. ಗಿರಾಕಿಗಳು ಮೂಗಿನ ಮೇಲೆ ಬೆರಳಿಡುತ್ತಿದ್ದರು. ಹೀಗಾಗಿ ಅಂದಾಜಪ್ಪನ ಅಂದಾಜು ಒಂದು ಸಲವೂ ತಪ್ಪಿರಲಿಲ್ಲ. ಬರಬರುತ್ತಾ ಅದು ತನ್ನ ಪ್ರತಿಭೆಯೆಂದು ಅವನಿಗೇ ಅನ್ನಿಸತೊಡಗಿತು. ಗ್ರಹಚಾರ ಅಲ್ಲಿಂದ ಶುರುವಾಯಿತು.

ಅಂದಾಜಪ್ಪನ ಮಾವ ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿದ್ದು ನಿವೃತ್ತರಾದವರು. ಅವರು ಪೇಟೆ ಬೀದಿಗೆ ಕಾಲಿಟ್ಟರೆ ತಕ್ಕಡಿಗಳು ತಾವಾಗಿಯೇ ಸೆಟೆದು ನಿಲ್ಲುತ್ತಿದ್ದವಂತೆ. ನಿವೃತ್ತಿಯಾದರೂ ಚಾಳಿ ಬಿಟ್ಟಿರಲಿಲ್ಲ. ಊಟಕ್ಕೆ ಕೂತರೆ ಬಡಿಸಿದ ಸೌಟನ್ನು ಕಣ್ಣಿನಲ್ಲೇ ತೂಗುತ್ತಿದ್ದರು. ಕಳ್ಳತನ, ಕೊಲೆ, ಸುಲಿಗೆಗಳಿಗೆಲ್ಲ ಅವರ ಬಳಿ ಏನಾದರೊಂದು ಕ್ಷಮೆ ಇತ್ತು. ತೂಕದಲ್ಲಿ ಕಡಿಮೆ ಕೊಟ್ಟವನಿಗೆ ಮಾತ್ರ ಇರಲಿಲ್ಲ.

ಅತ್ತೆಗೆ ಮಂಡಿ ಬಗ್ಗುತ್ತಿರಲಿಲ್ಲ. ಕಾರಿನೊಳಗೆ ಹೇಗೋ ಕೂತರೂ ಕಾಲು ಒಳಗೆ ಬಾರದೆ, ಮನೆ ಬಿಟ್ಟು ಹೊರಗೆ ಹೋಗುವುದೇ ನಿಂತುಹೋಗಿತ್ತು. ಊರಿನ ಇನ್ನೊಂದು ತುದಿಯಲ್ಲಿ ಅವರ ಅಕ್ಕ. ಎಲ್ಲರ ಬಾಯಲ್ಲೂ ಅವರು ದೊಡ್ಡಮ್ಮ. ಅವರಿಗೂ ಅದೇ ಮಂಡಿ, ಅದೇ ನಾಲಿಗೆ. ಅಕ್ಕತಂಗಿಯರು ದಿನವೂ ಫೋನಿನಲ್ಲಿ ಜಗಳವಾಡುತ್ತಿದ್ದರು.

ಆ ಭಾನುವಾರ ನಾನು ಅವರ ಮನೆಯಲ್ಲಿದ್ದೆ, ಮಾವನವರ ಆರಾಮಕುರ್ಚಿಗೆ ಹೊಸ ಬಟ್ಟೆ ಹೊಲಿಯುತ್ತಾ. ಹಜಾರದಲ್ಲಿ ಮನೆಮಂದಿಯೆಲ್ಲ ಸೇರಿದ್ದರು. ಅತ್ತೆ ಫೋನನ್ನು ಟಪ್ಪೆಂದು ಇಟ್ಟರು.

"ಫೋನಲ್ಲಿ ಜಗಳ ಆಡಿ ಆಡಿ ಸಾಕಾಗಿಹೋಯ್ತು. ನಾನು ಸರಿಯಾದ ಮಾತು ಹುಡುಕೋ ಅಷ್ಟರಲ್ಲಿ ಇಟ್ಟೇಬಿಡ್ತಾಳೆ. ಒಂದೇ ಒಂದ್ಸಲ ಎದುರಿಗೆ ಕೂತು ಆಡಬೇಕು ಕಣ್ರೀ. ಅವಳು ಮುಖ ಊದಿಸ್ಕೊಳ್ಳೋದನ್ನ ನಾನು ಕಣ್ಣಾರೆ ನೋಡಬೇಕು."

ಹಾಗೆನ್ನುವಾಗ ಅವರ ಕಣ್ಣಂಚು ಒದ್ದೆಯಾಗಿತ್ತು. ಎಲ್ಲರೂ ತಲೆ ತಗ್ಗಿಸಿದರು. ಸುಮ್ಮನಿರಲಾರದವನು ಒಬ್ಬನೇ, ಅಂದಾಜಪ್ಪನ ಷಡ್ಡಕ. ವಿಮೆ ಕಂಪನಿಯವನು.

"ಅಲ್ಲ ಭಾವ, ಇಷ್ಟು ವರ್ಷದಿಂದ ಗ್ಯಾರೇಜಲ್ಲಿದೀರಿ. ಅತ್ತೆಗೆ ಒಂದು ಸೀಟು ಮಾಡಿಸಿಕೊಡೋಕಾಗಲ್ವಾ? ಅಥವಾ ಅಲ್ಲಿ ನಿಮ್ಮ ಕೆಲಸ ಬರೀ ಕುರ್ಚಿ ತಿರುಗಿಸೋದಾ?"

ಅಂದಾಜಪ್ಪನ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಅಂದಾಜಪ್ಪ ಎದ್ದ. ಶೆಡ್ಡಿಗೆ ಹೋಗಿ ಮಾವನ ಹಳೇ ಕಾರಿನ ಹೊದಿಕೆ ಸರಿಸಿದ. ನಾವೆಲ್ಲ ಹಿಂದೆ ಹೋದೆವು. ಸುತ್ತ ಬಂದ. ತಟ್ಟಿದ. ಕಣ್ಣು ಮುಚ್ಚಿದ.

"ಬಾಗಿಲು ಅಗಲ ಆಗಬೇಕು. ಸೀಟು ಪೂರ್ತಿ ಹೊರಗಡೆಗೆ ತಿರುಗಬೇಕು. ಅತ್ತೆ ನಿಂತ ಹಾಗೇ ಒರಗಿದ್ರೆ ಸಾಕು, ಸೀಟೇ ಅವರನ್ನ ಒಳಗೆ ಕರ್ಕೊಂಡು ಹೋಗಬೇಕು. ಕಾಲು ಚಾಚೋಕೆ ಜಾಗ..." ಕಣ್ಣು ತೆರೆದ. "ನೂರಾ ಹನ್ನೆರಡು ಗಂಟೆ."

ನನ್ನ ಕೈಯಲ್ಲಿದ್ದ ಸೂಜಿ ಬೆರಳಿಗೆ ಚುಚ್ಚಿತು. ನಮ್ಮಲ್ಲಿ ಯಾರನ್ನೂ ಅವನು ಕೇಳಿರಲಿಲ್ಲ. ಎಲ್ಲರ ಗಾಳಿಯನ್ನೂ ತಾನೊಬ್ಬನೇ ಹಾಕಿಬಿಟ್ಟಿದ್ದ.

"ಇದು ಅಂದಾಜೋ ಖಚಿತವೋ?" ಎಂದರು ಮಾವ.

"ನನ್ನದು ಅಂದಾಜಲ್ಲ ಮಾವ, ಲೆಕ್ಕ. ಒಂದು ಗಂಟೆ ಹೆಚ್ಚಿಲ್ಲ, ಒಂದು ಗಂಟೆ ಕಡಿಮೆ ಇಲ್ಲ."

ಮಾವನವರು ಹತ್ತಿರ ಬಂದು ಅಳಿಯನ ಬೆನ್ನು ತಟ್ಟಿದರು. ಮದುವೆಯಾದ ಮೇಲೆ ಅದೇ ಮೊದಲ ಸಲವಂತೆ. "ಕಡಿಮೆ ಇಲ್ಲ ಅಂದ್ರಲ್ಲ ಅಳಿಯಂದಿರೇ, ಈ ಒಂದು ಮಾತು ಕೇಳೋಕೆ ನಾನು ಸರ್ವೀಸ್ ಪೂರ್ತಿ ಕಾದೆ."

ಅಂದಾಜಪ್ಪ ಒತ್ತಿ ಹೇಳಿದ್ದು ಹೆಚ್ಚಿಲ್ಲ ಎಂಬುದನ್ನು. ಮಾವ ಹಿಡಿದುಕೊಂಡದ್ದು ಕಡಿಮೆ ಇಲ್ಲ ಎಂಬುದನ್ನು. ಷಡ್ಡಕ ಒಬ್ಬ ಮಾತ್ರ ಮೀಸೆಯಡಿ ನಕ್ಕ ಹಾಗೆ ಕಾಣಿಸಿತು. ವಿಮೆಯವರಿಗೆ ಇಂಥದ್ದೆಲ್ಲ ಬೇಗ ಗೊತ್ತಾಗುತ್ತದೆ.

ಮರುದಿನ ಮಾವನವರು ಕಾರು ತಂದು, ಮಾಲೀಕರಿಗೆ ಪೂರ್ತಿ ಹಣ ಮೊದಲೇ ಕಟ್ಟಿದರು. ಮಾಲೀಕರು ಹಲ್ಲು ಕಿರಿದು, "ಇನ್ನು ನೀವು ನಿಶ್ಚಿಂತೆಯಾಗಿ ಮನೆಗೆ ಹೋಗಿ ಸರ್," ಎಂದರು.

"ಮನೆಗಾ?" ಎಂದರು ಮಾವ. ಕಾರಿನ ಡಿಕ್ಕಿಯಿಂದ ಒಂದು ಮಡಚುವ ಸ್ಟೂಲು, ಒಂದು ಕೊಡೆ, ಒಂದು ಟೇಬಲ್ ಗಡಿಯಾರ, ಎರಡು ಖಾಲಿ ಡಬ್ಬಿ ತೆಗೆದರು. ಕಾರಿನ ಎದುರಿಗೆ ಸ್ಟೂಲು ಬಿಚ್ಚಿ ಕೂತರು. "ಸಕ್ಕರೆ ಅಳೀವಾಗ ನಾನು ಎದುರಿಗೆ ನಿಂತು ನೋಡ್ತಿದ್ದೆ. ಸೀಮೆಎಣ್ಣೆ ಅಳೀವಾಗ ನೋಡ್ತಿದ್ದೆ. ಗಂಟೆ ಅಳೀವಾಗ ನೋಡಬಾರದಾ?"

ಆಮೇಲೆ ನನ್ನತ್ತ ತಿರುಗಿ, "ನಿಮ್ಮ ಹತ್ರ ಸೀಟಿಗೆ ಹಾಕೋ ಗುಂಡಿ ಇದಾವಾ?" ಎಂದರು. ಕೊಟ್ಟೆ. ನೂರಾ ಹನ್ನೆರಡು ಗುಂಡಿ ಎಣಿಸಿ ಒಂದು ಡಬ್ಬಿಗೆ ಹಾಕಿಕೊಂಡರು. ಇನ್ನೊಂದು ಖಾಲಿ. ಗಡಿಯಾರ ಗಂಟೆ ಮುಟ್ಟಿದಾಗಲೆಲ್ಲ ಕಾರಿನ ಮೇಲೆ ಕೈ ಆಡಿಸುತ್ತಿದ್ದವರ ತಲೆ ಎಣಿಸಿ, ಅಷ್ಟು ಗುಂಡಿಗಳನ್ನು ಆ ಡಬ್ಬಿಯಿಂದ ಈ ಡಬ್ಬಿಗೆ ಹಾಕುವುದು. ನಾವು ಟೀಗೆ ಎದ್ದರೆ ಗಡಿಯಾರದ ಸೆಲ್ಲು ಕಿತ್ತು ಜೇಬಿಗೆ ಹಾಕಿಕೊಳ್ಳುವುದು. ಕಪ್ಪು ಕೆಳಗಿಟ್ಟರೆ ಸೆಲ್ಲು ವಾಪಸ್ಸು.

ಮೈಮೇಲೆ ಇಂಥ ಕಣ್ಣಿದ್ದರೆ ಯಾರು ತಾನೇ ನಿಧಾನಿಸುತ್ತಾರೆ? ಟಿಂಕರನ ಬೆನ್ನು ಒಮ್ಮೆಯೂ ಹಿಡಿದುಕೊಳ್ಳಲಿಲ್ಲ. ಮೋಡ ಕವಿಯಲಿಲ್ಲ. ನನ್ನ ದಾರ ತುಂಡಾಗಲಿಲ್ಲ. ಸೀಟು ತಿರುಗಲು ಬೇಕಾದ ತಟ್ಟೆ ಅಂಗಡಿಯಲ್ಲಿ ಸಿಗದಿದ್ದಾಗ ಟಿಂಕರ್ ಸೀದಾ ಗಾಜಿನ ಕೋಣೆಗೆ ಹೋಗಿ, "ಸ್ವಲ್ಪ ಏಳಿ ಸಾರ್," ಎಂದು ಅಂದಾಜಪ್ಪನ ತಿರುಗುವ ಕುರ್ಚಿಯನ್ನೇ ಎತ್ತಿಕೊಂಡು ಬಂದ. "ನಿಮ್ಮ ಅತ್ತೆಗೋಸ್ಕರ ತಾನೇ?" ಅಂದಾಜಪ್ಪ ಅಂದಿನಿಂದ ನಿಂತೇ ಇದ್ದ.

ಕಾರು ಮುಗಿಯಿತು. ಅತ್ತೆಯನ್ನು ಆಟೋದಲ್ಲಿ ಅಡ್ಡಡ್ಡವಾಗಿ ಕೂರಿಸಿ ಕರೆತಂದರು. ಸೀಟು ಬಾಗಿಲಿನಾಚೆ ತಿರುಗಿ ನಿಂತಿತು. ಅತ್ತೆ ಬೆನ್ನು ಕೊಟ್ಟು ಒರಗಿದರು. ಸೀಟು ಮೆಲ್ಲಗೆ ತಿರುಗಿ ಅವರನ್ನು ಕಾಲುಸಮೇತ ಒಳಗೆ ಇಟ್ಟುಕೊಂಡಿತು. ಒಂದು ಸದ್ದಿಲ್ಲ. ಅತ್ತೆ ಒಳಗಿನಿಂದ ನಮ್ಮನ್ನೆಲ್ಲ ನೋಡಿದರು. ಕೆನ್ನೆ ಕೆಂಪಾಗಿತ್ತು.

"ಅಯ್ಯೋ, ಎಷ್ಟು ಚೆನ್ನಾಗಿದೆ! ನಡೀರಿ, ಹಾಗೇ ಅಕ್ಕನ ಮನೆಗೆ ಹೋಗಿಬಿಡೋಣ. ಇನ್ನೂ ಬೆಳಗಿನ ಫೋನಿನ ಸಿಟ್ಟು ಇಳಿದಿಲ್ಲ."

"ಇಳಿ," ಎಂದರು ಮಾವ.

"ಯಾಕ್ರೀ?"

"ನಲವತ್ತೆಂಟು ಗಂಟೆ ಬಂದಿದೆ. ಇನ್ನೂ ಅರವತ್ತನಾಲ್ಕು ಬರಬೇಕು." ಡಬ್ಬಿ ಅಲ್ಲಾಡಿಸಿ ತೋರಿಸಿದರು. ಗಲಗಲ ಎಂದಿತು.

ಅಂದಾಜಪ್ಪನ ಮುಖ ಪೇಂಟಿಗೆ ಮೊದಲು ಬಳಿಯುವ ಪ್ರೈಮರಿನ ಬೂದು ಬಣ್ಣಕ್ಕೆ ಬಂತು. ಮಾಲೀಕರು ಓಡಿಬಂದರು. "ಸರ್, ಕೆಲಸ ಮುಗೀತಲ್ಲ ಸರ್. ಬೇಗ ಮುಗೀತು. ಒಳ್ಳೇದೇ ಅಲ್ವಾ? ಬೇಕಿದ್ರೆ ಉಳಿದ ದುಡ್ಡು ವಾಪಸ್ ಕೊಡ್ತೀನಿ."

"ನೋಡಿ," ಎಂದರು ಮಾವ ಬಹಳ ಮೃದುವಾಗಿ. ಅವರು ಮೃದುವಾಗಿ ಮಾತಾಡಿದಾಗ ಹಿಂದೆ ಅಂಗಡಿಗಳು ಮುಚ್ಚಿದ್ದುಂಟಂತೆ. "ಒಂದು ಕಿಲೋ ಅಂತ ಹೇಳಿ ಅರ್ಧ ಕಿಲೋ ಕೊಟ್ಟು, ಸಿಕ್ಕಿಬಿದ್ದ ಮೇಲೆ ಉಳಿದ ದುಡ್ಡು ತಗೊಳ್ಳಿ ಅನ್ನೋರನ್ನ ನಾನು ಬೇಕಾದಷ್ಟು ನೋಡಿದೀನಿ. ದುಡ್ಡು ವಾಪಸ್ ಕೊಟ್ರೆ ಮೋಸ ಒಪ್ಪಿಕೊಂಡ ಹಾಗೆ. ಆಗ ನಾನು ನಮ್ಮ ಇಲಾಖೆ ಆಫೀಸಿಗೆ ಒಂದು ಮಾತು ಹೇಳಬೇಕಾಗುತ್ತೆ. ಆದ್ರೆ ನೀವು ಹಾಗೆ ಮಾಡೋರಲ್ಲ. ಹೇಳಿದ್ದು ಯಾರು? ನಮ್ಮ ಅಳಿಯಂದಿರು. ಅವರ ಲೆಕ್ಕ ತಪ್ಪಲ್ಲ. ಕಾರಲ್ಲಿ ಇನ್ನೂ ಅರವತ್ತನಾಲ್ಕು ಗಂಟೆ ಕೆಲಸ ಎಲ್ಲೋ ಇದೆ. ನಿಮಗೆ ಕಾಣ್ತಿಲ್ಲ, ಅಷ್ಟೆ."

ಮಾಲೀಕರು ಅಂದಾಜಪ್ಪನನ್ನು ಗಾಜಿನ ಕೋಣೆಗೆ ಎಳೆದುಕೊಂಡು ಹೋದರು. ಗಾಜಾದ್ದರಿಂದ ನಮಗೆಲ್ಲ ಕಾಣಿಸುತ್ತಿತ್ತು. ಮಾಲೀಕರಾದ್ದರಿಂದ ಕೇಳಿಸುತ್ತಲೂ ಇತ್ತು.

"ಗಾಳಿ ಹಾಕಿದ್ದೆ ಅಂತ ಹೇಳಿಬಿಡ್ಲಾ ಸಾರ್?"

"ಹೇಳಿ! ನಾಯಿ ಕಿಟಕಿಯವರು ಬರ್ತಾರೆ, ಗಾಜಿನ ಗೋಡೆಯವರು ಬರ್ತಾರೆ, ಅವರ ಹೆಂಡತಿನೂ ಬರ್ತಾರೆ. ಎಲ್ಲರಿಗೂ ಉತ್ತರ ನೀವೇ ಹೇಳಿ! ನಿಮ್ಮ ಗಂಟೆ, ನೀವೇ ತುಂಬಿಸಿ. ತುಂಬಿಸೋಕಾಗ್ಲಿಲ್ಲ ಅಂದ್ರೆ ಕುರ್ಚಿ ಹೇಗೂ ಹೋಗಿದೆ, ನೀವೂ ಹೋಗಿ."

ಹೊರಗೆ ಅತ್ತೆಯನ್ನು ಸೀಟಿನಿಂದ ಇಳಿಸಿ ಮತ್ತೆ ಆಟೋದಲ್ಲಿ ಅಡ್ಡಡ್ಡವಾಗಿ ಇಡುತ್ತಿದ್ದರು. ಆಟೋ ಮರೆಯಾಗುವ ತನಕ ಅವರು ಕಾರನ್ನೇ ನೋಡುತ್ತಿದ್ದರು.

ಮುಗಿದ ಕಾರಿಗೆ ಅರವತ್ತನಾಲ್ಕು ಗಂಟೆಯ ಕೆಲಸ ಹುಡುಕುವುದು ಎಷ್ಟು ಕಷ್ಟವೆಂದು ಹುಡುಕಿದವರಿಗೇ ಗೊತ್ತು. ಮಾಲೀಕರ ಮೊದಲ ಉಪಾಯ ಸರಳವಾಗಿತ್ತು: ಗಡಿಯಾರ ಗಂಟೆ ಮುಟ್ಟುವ ಹೊತ್ತಿಗೆ ಸಿಕ್ಕಿದವರನ್ನೆಲ್ಲ ಕಾರಿಗೆ ಮುಟ್ಟಿಸುವುದು. ಕಸ ಗುಡಿಸುವಾಕೆ, ವಾಚ್‌ಮನ್, ಕಪ್ಪು ಒಯ್ಯಲು ಬಂದ ಟೀ ಅಂಗಡಿಯವನು, ಎಲ್ಲರೂ ಕಾರಿನ ಮೇಲೆ ಕೈಯಿಟ್ಟು ನಿಂತರು, ರೋಗಿಗೆ ಜ್ವರ ನೋಡುವವರ ಹಾಗೆ.

"ಕೈ ಇಟ್ರೆ ಸಾಲದು," ಎಂದರು ಮಾವ. "ಕೈ ಆಡಬೇಕು."

ಟೀ ಅಂಗಡಿಯವನು ಕೈ ಆಡಿಸಿದ. ಬೆರಳಿಗಂಟಿದ್ದ ಹಾಲಿನ ಕೆನೆ ಹೊಸ ಬಣ್ಣದ ಮೇಲೆ ಉದ್ದಕ್ಕೆ ಮೆತ್ತಿಕೊಂಡಿತು. ಅದನ್ನು ಒರೆಸಲು ಪೇಂಟರಿಗೆ ಒಂದು ಗುಂಡಿಯ ಕೆಲಸ ಸಿಕ್ಕಿತು. ಅದೊಂದೇ ಲಾಭ.

ಅಂದಾಜಪ್ಪ ಇನ್ನೊಂದು ದಾರಿ ಹಿಡಿದ. ಮಾವ ಕೈ ತೊಳೆಯಲು ಎದ್ದಾಗ ಆ ಡಬ್ಬಿಯಿಂದ ಒಂದು ಚಿಟಿಕೆ ಗುಂಡಿ ತೆಗೆದು ಈ ಡಬ್ಬಿಗೆ ಹಾಕಿದ. ಮಾವ ಬಂದರು. ಕೂತರು. ಡಬ್ಬಿಯನ್ನು ಸುಮ್ಮನೆ ಅಂಗೈಯಲ್ಲಿ ಎತ್ತಿ ಇಳಿಸಿದರು.

"ಐದು ಗುಂಡಿ ಹೆಚ್ಚಿದೆ."

ಗ್ಯಾರೇಜಿನಲ್ಲಿ ಸುತ್ತಿಗೆಗಳು ನಿಂತವು. ಮಾವನವರು ಐದು ಗುಂಡಿ ಎಣಿಸಿ ವಾಪಸು ಹಾಕಿ, ನೊಂದ ಸ್ವರದಲ್ಲಿ, "ಅಳಿಯಂದಿರೇ, ನಿಮ್ಮ ಗ್ಯಾರೇಜಲ್ಲಿ ಯಾರೋ ಕಳ್ಳರಿದಾರೆ," ಎಂದರು. "ನೀವೊಬ್ಬರೇ ಇಲ್ಲಿ ನಂಬಿಕಸ್ಥರು. ಇನ್ಮೇಲೆ ಡಬ್ಬಿ ನೀವೇ ಹಿಡ್ಕೊಂಡು ನಿಂತ್ಕೊಳ್ಳಿ."

ಅಂದಾಜಪ್ಪ ಎರಡೂ ಕೈಯಲ್ಲಿ ಒಂದೊಂದು ಡಬ್ಬಿ ಹಿಡಿದು ನಿಂತುಕೊಂಡ. ಆ ದಿನ ಅವನನ್ನು ನೋಡಿ ಟಿಂಕರ್ ಕಾರಿನಡಿಗೆ ನುಸುಳಿಕೊಂಡ. ನಗುವುದಕ್ಕೆ ಅಲ್ಲಿ ಮಾತ್ರ ಜಾಗವಿತ್ತು.

ನ್ಯಾಯ ಪೂರ್ತಿಯಾಗಿರಲೆಂದು ಮಾವನವರು ಇಲಾಖೆಯ ಈಗಿನ ಇನ್ಸ್‌ಪೆಕ್ಟರನ್ನೂ ಕರೆಸಿದರು. ಹಿಂದೆ ಅವರ ಕೈಕೆಳಗೆ ಇದ್ದವನು. ಬಂದವನೇ ಗುರುಗಳ ಎದುರು ಅರ್ಧ ಬಗ್ಗಿ ನಿಂತ.

"ಈ ಗಡಿಯಾರಕ್ಕೆ ಇಲಾಖೆ ಮುದ್ರೆ ಒತ್ತಪ್ಪ."

"ಸರ್, ಕಿಲೋಗೆ ಮುದ್ರೆ ಇದೆ, ಲೀಟರಿಗೆ ಇದೆ, ಮೀಟರಿಗೆ ಇದೆ. ಕೂಲಿ ಗಂಟೆಗೆ ಅಚ್ಚೇ ಇಲ್ಲ ಸರ್."

"ಯಾಕಿಲ್ಲ?"

ಇನ್ಸ್‌ಪೆಕ್ಟರ್ ತಲೆ ಕೆರೆದುಕೊಂಡ. "ಗಂಟೆಗೂ ಮುದ್ರೆ ಅಂತ ಆದ್ರೆ, ಸರ್, ಮೊದಲು ನಮ್ಮ ಆಫೀಸಿನವರದ್ದೇ ಅಳೀಬೇಕಾಗುತ್ತೆ."

ಮಾವನವರು ಗಡಿಯಾರವನ್ನು ಅವನ ಕೈಗೇ ಇಟ್ಟರು. ಇನ್ಸ್‌ಪೆಕ್ಟರ್ ಕೊನೆಗೆ ಲೀಟರಿನ ಮುದ್ರೆಯನ್ನೇ ಗಡಿಯಾರದ ಬೆನ್ನಿಗೆ ಒತ್ತಿ, ಗಾಡಿ ಹತ್ತಿ ಹೋಗಿಬಿಟ್ಟ.

ಇನ್ನು ಬೇರೆ ದಾರಿ ಇರಲಿಲ್ಲ. ನಿಜವಾಗಿ ಕೆಲಸ ಮಾಡಬೇಕಾಯಿತು. ಪೇಂಟರ್ ಒಂದರ ಮೇಲೊಂದು ಬಣ್ಣದ ಪದರ ಏರಿಸುತ್ತಾ ಹೋದ. ಬಾಗಿಲುಗಳಿಗೆ ಹೊಟ್ಟೆ ಬಂದ ಹಾಗಾಯಿತು. ಮುಚ್ಚಬೇಕಾದರೆ ಇಬ್ಬರು ಹೆಗಲು ಕೊಡಬೇಕು. ಟಿಂಕರ್ ಸರಿಯಾಗಿದ್ದ ತಗಡಿಗೆ ಸುತ್ತಿಗೆಯಿಂದ ಬಾರಿಸಿ ತಗ್ಗು ಮಾಡುತ್ತಿದ್ದ, ಆಮೇಲೆ ತಗ್ಗು ತೆಗೆಯುತ್ತಿದ್ದ.

"ಈಗ ನೀವೇ ತಗ್ಗು ಮಾಡಿದ್ರಲ್ಲ?" ಎಂದು ಮಾವ ಕೇಳಿದರು.

"ಒಳಗೆ ಅಡಗಿತ್ತು ಸಾರ್. ಹೊರಗೆ ಕರೆದೆ."

ಮಾವ ಮೆಚ್ಚಿ ತಲೆದೂಗಿದರು. ವೈರಿಂಗಿನವನು ಸೀಟಿನಡಿ ದೀಪ, ಕಾಲಿನ ಹತ್ತಿರ ಫ್ಯಾನು, ಬೆನ್ನ ಹಿಂದೆ ಇನ್ನೊಂದು ಫ್ಯಾನು ಹಾಕಿದ. ಅದಾದ ಮೇಲೂ ಗುಂಡಿ ಉಳಿದದ್ದರಿಂದ, ಸೀಟು ತಿರುಗುವಾಗ ದಾರಿಹೋಕರಿಗೆ ಎಚ್ಚರಿಕೆಯಾಗಲಿ ಎಂದು ಹಾರ್ನನ್ನು ಸೀಟಿಗೆ ಜೋಡಿಸಿದ. ನಾನು? ಕುಷನ್ನಿನ ಮೇಲೆ ಕುಷನ್ನು, ಅದರ ಮೇಲೆ ತೆಳ್ಳಗೊಂದು, ಆ ತೆಳ್ಳಗಿನದಕ್ಕೆ ಜೊತೆಯಾಗಿ ಇನ್ನೊಂದು. ಬೀದಿಯಲ್ಲಿ ಜನ ನಿಂತು ನೋಡತೊಡಗಿದರು. ಷಡ್ಡಕ ದಿನಾ ಆಫೀಸಿನ ದಾರಿ ಬದಲಿಸಿ ಈ ಕಡೆಯೇ ಬಂದು, "ಭಾವ, ಅತ್ತೆಯ ಕಾರು ಇನ್ನೂ ಎಷ್ಟು ಬೆಳೆಯುತ್ತೆ?" ಎಂದು ಕೇಳಿ ಹೋಗುತ್ತಿದ್ದ.

ಇಪ್ಪತ್ತು ಗುಂಡಿ ಉಳಿದಾಗ ಅತ್ತೆ ಎರಡನೆಯ ಸಲ ಬಂದರು. ಈ ಸಲ ಕೈಯಲ್ಲಿ ಚೀಲವಿತ್ತು, ಒಳ್ಳೆಯ ಸೀರೆ ಉಟ್ಟಿದ್ದರು. ಅಕ್ಕನಿಗೆ ಬರುತ್ತೇನೆಂದು ಫೋನು ಮಾಡಿಯೇ ಹೊರಟಿದ್ದರು.

ಸೀಟು ಹೊರಗೆ ತಿರುಗಿತು. ಹಾರ್ನು ಕೂಗಿತು. ಎದುರು ಸಾಲಿನ ಕ್ಷೌರಿಕ ಅರ್ಧ ಮುಖ ಕ್ಷೌರವಾದ ಗಿರಾಕಿಯೊಂದಿಗೆ ಹೊರಗೆ ಬಂದ. ಅತ್ತೆ ಒರಗಿದರು. ಸೀಟು ಒಳಗೆ ತಿರುಗತೊಡಗಿ, ನನ್ನ ನಾಲ್ಕು ಕುಷನ್ನಿನ ಮೇಲಿದ್ದ ಅತ್ತೆಯ ತಲೆ ಬಾಗಿಲಿನ ಚೌಕಟ್ಟಿಗೆ ತಗುಲಿ, ಅರ್ಧಕ್ಕೇ ನಿಂತುಬಿಟ್ಟಿತು. ಮುಖ ಬೀದಿಗೆ, ಕಾಲು ಮಾಲೀಕರ ಕಡೆಗೆ. ಸೀಟು ಅರ್ಧದಲ್ಲಿ ನಿಂತಿದ್ದರಿಂದ ಹಾರ್ನೂ ನಿಲ್ಲಲಿಲ್ಲ. ಎರಡು ಫ್ಯಾನುಗಳೂ ಭರ್ರೆಂದು ತಿರುಗಿ ಅತ್ತೆಯ ಸೆರಗು ಕೊಡೆಯ ಹಾಗೆ ಅರಳಿತು. ಅದೇ ಹೊತ್ತಿಗೆ ಚೀಲದೊಳಗೆ ಫೋನು.

"ಹಲೋ! ಹೂಂ ಕಣೇ, ಕಾರಲ್ಲೇ ಇದೀನಿ!" ಹಾರ್ನಿನ ಮೇಲೆ ಕೂಗಿದರು ಅತ್ತೆ. "ಏನು? ಹೊರಟ್ಯಾ ಅಂತಾನಾ? ಇಲ್ಲ. ಕಾರು ಇನ್ನೂ ಪೂರ್ತಿ ಕೆಟ್ಟಿಲ್ಲ. ಇನ್ನೂ ಇಪ್ಪತ್ತು ಗಂಟೆ ಕೆಡೋದು ಬಾಕಿ ಇದೆಯಂತೆ!"

ವೈರಿಂಗಿನವನು ತಂತಿ ಕಿತ್ತ. ಇದ್ದಕ್ಕಿದ್ದ ಹಾಗೆ ಬೀದಿ ತೆಪ್ಪಗಾಯಿತು. ಅತ್ತೆ ಫೋನಿಟ್ಟು, ಸೆರಗು ಸರಿಮಾಡಿಕೊಂಡು, ಇದ್ದಲ್ಲಿಂದಲೇ ಗಂಡನನ್ನು ನೋಡಿದರು.

"ರೀ. ಮೊದಲನೇ ಸಲ ಕೂತಾಗ ಸರಿಯಾಗಿತ್ತೋ ಇಲ್ವೋ?"

"ಸರಿಯಾಗಿತ್ತು. ಆದ್ರೆ ಅಳತೆ..."

"ಸೇರಿಸಿದ್ದನ್ನೆಲ್ಲ ಬಿಚ್ಚೋದು ಕೆಲಸ ಹೌದೋ ಅಲ್ವೋ?"

ಮಾವನವರು ಯೋಚಿಸಿದರು. ಇಡೀ ಗ್ಯಾರೇಜು ಅವರ ಮುಖ ನೋಡುತ್ತಿತ್ತು. "ಬಿಚ್ಚೋಕೂ ಕೈ ಆಡಬೇಕು," ಎಂದರು ನಿಧಾನವಾಗಿ. "ಕೆಲಸವೇ."

"ಹಾಗಾದ್ರೆ ಬಿಚ್ಚಿಸಿ. ಮುಗಿಯೋ ತನಕ ನಾನು ಇಲ್ಲಿಂದ ಏಳಲ್ಲ."

ಬೇಡದ ಕೆಲಸ ಬಿಚ್ಚುವುದರಲ್ಲಿ ನಮಗೆ ಎಂಥ ಹುರುಪು ಬಂತೆಂದರೆ, ನಾವೇ ನಾಚಿಕೊಂಡೆವು. ಪೇಂಟರ್ ಉಜ್ಜಿದ, ಟಿಂಕರ್ ಬಾಗಿಲು ನೆಟ್ಟಗೆ ಮಾಡಿದ, ಫ್ಯಾನು ಹಾರ್ನು ಹೊರಬಿದ್ದವು. ನಾನು ಕೊನೆಯ ಕುಷನ್ನನ್ನು ಅತ್ತೆಯ ಅಡಿಯಿಂದಲೇ ಎಳೆದೆ. ಸೀಟು ತಾನಾಗಿ ಸುಯ್ಯನೆ ತಿರುಗಿ ಅವರನ್ನು ಒಳಗೆ ಸೇರಿಸಿಕೊಂಡಿತು. ಮೊದಲ ಸಲದ ಹಾಗೆಯೇ.

ಎಲ್ಲರೂ ಡಬ್ಬಿಯತ್ತ ನೋಡಿದೆವು. ಇನ್ನೂ ನಾಲ್ಕು ಗುಂಡಿ ಉಳಿದಿದ್ದವು.

ಮಾಲೀಕರು ಗೋಡೆಗೆ ಒರಗಿದರು. ಅಂದಾಜಪ್ಪ ಬಾಯಿ ತೆರೆದ. ಏನಾದರೂ ಒಪ್ಪಿಕೊಂಡುಬಿಡುತ್ತಿದ್ದನೋ ಏನೋ. ಅಷ್ಟರಲ್ಲಿ ಅತ್ತೆ ಕಾರಿನೊಳಗಿಂದ, "ಕೂರಿ ಎಲ್ಲರೂ ಹಿಂದೆ," ಎಂದರು. "ಉಳಿದ ಗಂಟೆ ಅಕ್ಕನ ಮನೇಲಿ ಕೊಡಿ. ಅಲ್ಲಿ ಮಾಡಿದ್ರೂ ಕೆಲಸ ಕೆಲಸವೇ ತಾನೇ, ರೀ?"

ಮಾವನವರಿಗೆ ಆಕ್ಷೇಪ ಹೇಳಲು ನಿಯಮ ಯಾವುದೂ ಹೊಳೆಯಲಿಲ್ಲ. ಸ್ಟೂಲು ಮಡಚಿದರು.

ಮಾವ ಓಡಿಸಿದರು, ಅತ್ತೆ ಮುಂದೆ ಕಾಲು ಚಾಚಿ ರಾಣಿಯ ಹಾಗೆ ಕೂತರು. ಹಿಂದೆ ನಾವು ಐವರು ಒಬ್ಬರ ತೊಡೆಯ ಮೇಲೊಬ್ಬರು, ಸುತ್ತಿಗೆ, ಬ್ರಷ್ಷು, ತಂತಿಗಳ ಸಮೇತ. ದಾರಿಯಲ್ಲಿ ಅತ್ತೆ ತಲೆ ತಿರುಗಿಸದೆ, ಮೆಲ್ಲಗೆ ಕೇಳಿದರು:

"ಅಳಿಯಂದಿರೇ, ನಿಜವಾಗಿ ಎಷ್ಟು ಗಂಟೆ ಕೆಲಸ ಇತ್ತು?"

ಅಂದಾಜಪ್ಪ ನನ್ನ ತೊಡೆಯ ಮೇಲಿದ್ದ. ಅವನು ಬೆವರಿದ್ದು ನನಗೇ ತಿಳಿಯಿತು. "ನಲವತ್ತೆಂಟು, ಅತ್ತೆ."

"ಮತ್ತೆ ಮಿಕ್ಕಿದ್ದು?"

"ಗಾಳಿ."

ಅತ್ತೆಯ ಭುಜ ಕುಲುಕಿತು. ಮಾವನವರು ರಸ್ತೆಯ ಮೇಲಿಂದ ಕಣ್ಣು ಕೀಳಲಿಲ್ಲ. ಅವರಿಗೆ ಕೇಳಿಸಿತೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ.

ದೊಡ್ಡಮ್ಮ ಗೇಟಿನಲ್ಲೇ ಕಾದಿದ್ದರು. ಕಾರು ನಿಂತಿತು, ಬಾಗಿಲು ತೆರೆಯಿತು, ಸೀಟು ಅತ್ತೆಯನ್ನು ಹೊತ್ತು ಮೆಲ್ಲಗೆ ಹೊರಗೆ ತಿರುಗಿತು. ಅಕ್ಕತಂಗಿಯರು ಒಬ್ಬರನ್ನೊಬ್ಬರು ನೋಡಿದರು.

"ದಪ್ಪ ಆಗಿದೀಯ," ಎಂದರು ದೊಡ್ಡಮ್ಮ ಕೊನೆಗೆ, ಮೂಗು ಒರೆಸಿಕೊಳ್ಳುತ್ತಾ.

"ನೀನು ಕುಳ್ಳಿ ಆಗಿದೀಯ," ಎಂದರು ಅತ್ತೆ. ಅಲ್ಲಿಂದ ಶುರುವಾಯಿತು. ಒಬ್ಬರ ಕೈ ಒಬ್ಬರು ಹಿಡಿದುಕೊಂಡೇ ಒಳಗೆ ಹೋದರು, ಬಾಯಿ ಮಾತ್ರ ಒಂದು ಗಳಿಗೆಯೂ ನಿಲ್ಲಲಿಲ್ಲ.

ಮಾವನವರು ಹಜಾರದಲ್ಲಿ ಸ್ಟೂಲು ಬಿಚ್ಚಿ, ಗಡಿಯಾರಕ್ಕೆ ಸೆಲ್ಲು ಹಾಕಿದರು. ಟಿಂಕರ್ ಕಿರುಗುಟ್ಟುವ ಗೇಟು ಹಿಡಿದ. ಪೇಂಟರ್ ಅಡುಗೆಮನೆಯ ಕಪಾಟು ಹಿಡಿದ. ವೈರಿಂಗಿನವನು ಸತ್ತುಹೋಗಿದ್ದ ಕರೆಗಂಟೆಗೆ ಜೀವ ಕೊಟ್ಟ. ನಾನು ಕುಸಿದ ಸೋಫಾಕ್ಕೆ ಹತ್ತಿ ತುಂಬಿದೆ, ಜಗಳವಾಡುವವರು ಅದರ ಮೇಲಿಂದ ಏಳದಿದ್ದರಿಂದ ಸುತ್ತಲಿಂದಲೇ. ಒಂದು ಗಂಟೆಯ ಕೊನೆಗೆ ಅಂದಾಜಪ್ಪ ಡಬ್ಬಿ ಬಗ್ಗಿಸಿದ. ನಾಲ್ಕು ಗುಂಡಿಗಳೂ ಈಚೆಗೆ ಬಿದ್ದವು. ಮಾವನವರು ತುಂಬಿದ ಡಬ್ಬಿಯನ್ನು ಅಂಗೈಯಲ್ಲಿ ಎತ್ತಿ ಇಳಿಸಿದರು.

"ಪೂರ್ತಿ," ಎಂದರು. "ಒಂದು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ನನ್ನ ಸರ್ವೀಸಲ್ಲಿ ಇಂಥ ಮನುಷ್ಯನ್ನ ನೋಡಿರಲಿಲ್ಲ ಅಳಿಯಂದಿರೇ."

ಅಂದಾಜಪ್ಪನ ಮುಖಕ್ಕೆ ರಕ್ತ ವಾಪಸು ಬಂತು. ಅಷ್ಟೇ ಬಂದಿದ್ದರೆ ಒಳ್ಳೆಯದಿತ್ತು; ಜೊತೆಗೆ ಹಳೆಯ ಗತ್ತೂ ಬಂತು. ಎದೆ ಮುಂದಕ್ಕೆ ಬಂತು. ಲೆಕ್ಕ ಸರಿಯಾಗಿಯೇ ಇತ್ತೆಂದು ಅವನಿಗೆ ಮತ್ತೆ ಅನ್ನಿಸಿಬಿಟ್ಟಿರಬೇಕು. ನಾವು ನಾಲ್ವರೂ ಹೊಸ್ತಿಲಾಚೆ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದೆವು. ಒಳಗಿನಿಂದ ದೊಡ್ಡಮ್ಮನ ದನಿ ಬಂತು.

"ಅಳಿಯಂದಿರೇ, ನಿಲ್ಲಿ. ನಮ್ಮ ಹಿತ್ತಿಲಲ್ಲೂ ಒಂದು ಹಳೇ ಕಾರಿದೆ. ಇವಳ ಸೀಟು ಒಂದೇ ಕಡೆ ತಿರುಗುತ್ತಲ್ಲ, ನನ್ನದು ಎರಡೂ ಕಡೆ ತಿರುಗಬೇಕು. ಎಷ್ಟು ಗಂಟೆ ಆಗುತ್ತೆ?"

"ಅಳಿಯಂದಿರೇ!" ಎಂದು ಅತ್ತೆ ಎಚ್ಚರಿಸಿದರು. ಟಿಂಕರ್ ಹೊಸ್ತಿಲಿಂದಲೇ ಎರಡೂ ಕೈ ಎತ್ತಿ ಬೇಡ ಬೇಡ ಎಂದು ಆಡಿಸಿದ. ಗ್ಯಾರೇಜಿನಲ್ಲಿ ಉಳಿದಿದ್ದ ಒಂದೇ ಒಂದು ತಿರುಗುವ ಕುರ್ಚಿ ಮಾಲೀಕರದು.

ಆದರೆ ಅಂದಾಜಪ್ಪ ಆಗಲೇ ಹಿತ್ತಿಲಿಗೆ ನಡೆದಿದ್ದ. ಬಾನೆಟ್ಟಿನ ಮೇಲೆ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು, ಕಣ್ಣು ಮುಚ್ಚಿದ. ಅವನ ತುಟಿ ಅಲ್ಲಾಡುತ್ತಿದ್ದಂತೆ ಮಾವನವರು ಸ್ಟೂಲನ್ನು ಎತ್ತಿಕೊಂಡು ಹೋಗಿ, ಆ ಕಾರಿನ ಎದುರಿಗೆ ನೆರಳು ನೋಡಿ, ಬಿಚ್ಚಿದರು.

ನಾವು ನಾಲ್ವರೂ ಮುಖ ಮುಖ ನೋಡಿಕೊಂಡು, ಮೆಟ್ಟಿದ್ದ ಚಪ್ಪಲಿಗಳನ್ನು ಮತ್ತೆ ಬಿಟ್ಟೆವು.